ಡಾಕ್ಟರರು ಒಂದೇ ಭಾಷೆ ಸಾಕೆಂದರು: ಆಟಿಸಂ ಇರುವ ಮಗುವಿನ ಮುಂದೆ ಕನ್ನಡ ಬಿಡಬೇಕೆ?

ಡೊಂಬಿವಲಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು. ಹನ್ನೊಂದು ವರ್ಷಗಳಿಂದ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ಮಗನಿಗೆ ಈಗ ಐದು ವರ್ಷ ನಾಲ್ಕು ತಿಂಗಳು. ಅವನಿಗೆ ಆಟಿಸಂ ಇರುವುದು ಮೂರು ತುಂಬುವ ಹೊತ್ತಿಗೆ ಗೊತ್ತಾಯಿತು. ಮಾತೇ ಇಲ್ಲವೆಂದಲ್ಲ, ಆದರೆ ಇರುವ ಮಾತು ಬಹುಮಟ್ಟಿಗೆ ಎಲ್ಲಿಯೋ ಕೇಳಿದ್ದನ್ನು ಅದೇ ಧಾಟಿಯಲ್ಲಿ ಮರಳಿ ಹೇಳುವುದು. ನೀರು ಬೇಕಾದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾನು ಅವನನ್ನು ಕೇಳುವ ದನಿಯಲ್ಲಿಯೇ, "ನಿನಗ ನೀರು ಬೇಕೇನು?" ಎನ್ನುತ್ತಿದ್ದ. ಮದುವೆಯ ಹಾಲಿನಲ್ಲಿ ಬ್ಯಾಂಡಿನ ಸದ್ದು ಹೆಚ್ಚಾದರೆ ಎರಡೂ ಕಿವಿ ಮುಚ್ಚಿಕೊಂಡು, ಲೋಕಲ್ ರೈಲಿನ ಪ್ರಕಟಣೆಯ ಹೆಂಗಸಿನಂತೆಯೇ, "ಪುಢೀಲ್ ಸ್ಟೇಶನ್ ಡೊಂಬಿವಲಿ" (ಮುಂದಿನ ನಿಲ್ದಾಣ ಡೊಂಬಿವಲಿ) ಎನ್ನುತ್ತಾನೆ. ಕೇಳಿದವರು ನಗುತ್ತಾರೆ. ಇಲ್ಲಿಂದ ಮನೆಗೆ ಹೋಗೋಣ ಎಂದು ಅವನು ಹೇಳುತ್ತಿದ್ದಾನೆಂಬುದು ನನಗೇ ಹೊಳೆಯಲು ಎಷ್ಟೋ ತಿಂಗಳು ಹಿಡಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ಎಂಟು ತಿಂಗಳ ಹಿಂದೆ ನಾವು ತೋರಿಸುತ್ತಿದ್ದ ಡಾಕ್ಟರರು, ಮನೆಯಲ್ಲಿ ಕನ್ನಡ, ಕೆಳಗೆ ಆಟದ ಅಂಗಳದಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದಾದರೆ ಈ ಮಗು ಯಾವುದನ್ನು ಹಿಡಿಯಬೇಕು, ಒಂದೇ ಭಾಷೆ ಇಟ್ಟುಕೊಳ್ಳಿ, ಶಾಲೆಯದೇ ಇರಲಿ ಎಂದರು. ನಾವು ಒಪ್ಪಿದೆವು. ಅಂದಿನಿಂದ ಮಗನ ಮುಂದೆ ನಾನೂ ಯಜಮಾನರೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೇವೆ. ಅತ್ತೆಯವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮೊಮ್ಮಗನಿಗೆ ತನ್ನಿಂದ ತೊಂದರೆಯಾಗಬಾರದೆಂದು ಅವರು ಅವನೊಡನೆ ಮಾತನ್ನೇ ಬಿಟ್ಟಿದ್ದಾರೆ. ಊಟ ಬಡಿಸುವಾಗ ಅಪ್ಪಿತಪ್ಪಿ "ಬಾರೋ" ಎಂದುಬಿಟ್ಟರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಅದನ್ನು ನನಗೆ ನೋಡಲಾಗುತ್ತಿಲ್ಲ. ಮಗನ ಮಾತು ಈ ಎಂಟು ತಿಂಗಳಲ್ಲಿ ಹೆಚ್ಚಿದೆಯೇ ಎಂದರೆ, ಇಂಗ್ಲಿಷ್ ಪದಗಳು ಹತ್ತಿಪ್ಪತ್ತು ಬಂದಿವೆ, "ನಿನಗ ನೀರು ಬೇಕೇನು" ನಿಂತುಹೋಗಿದೆ, ಈಗ ನೀರು ಬೇಕಾದರೆ ಕೈ ಹಿಡಿದು ಎಳೆಯುತ್ತಾನೆ. ಇದು ಲಾಭವೋ ನಷ್ಟವೋ ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಘಾಟ್‌ಕೋಪರಿನ ಹೋಟೆಲಿನವ

ಅಕ್ಕನವರೆ, ಸೆರಗಿನ ಮಾತನ್ನು ಓದಿ ಉತ್ತರ ಬರೆಯದೆ ಇರಲಾಗಲಿಲ್ಲ. ನಮ್ಮದು ಉಡುಪಿ ಕಡೆ. ಮನೆಮಾತು ತುಳು, ಸಂಘದಲ್ಲಿ ಕನ್ನಡ, ಹೋಟೆಲಿನಲ್ಲಿ ಹಿಂದಿ, ಬೀದಿಯಲ್ಲಿ ಮರಾಠಿ. ಮಗಳಿಗೆ ಈಗ ಒಂಬತ್ತು. ನಮಗೂ ಇದೇ ಸಲಹೆ ಸಿಕ್ಕಿತ್ತು, ನಾವೂ ಇಂಗ್ಲಿಷನ್ನೇ ಆರಿಸಿಕೊಂಡೆವು. ನನ್ನ ಇಂಗ್ಲಿಷ್ ಎಂಥದ್ದೆಂದರೆ ಬ್ಯಾಂಕಿನ ಫಾರಂ ತುಂಬಬಲ್ಲೆ, ಗಿರಾಕಿಯ ದೂರಿಗೆ ಸಮಾಧಾನ ಹೇಳಬಲ್ಲೆ, ಅಷ್ಟೇ. ಮಗುವನ್ನು ಮುದ್ದು ಮಾಡುವ ಇಂಗ್ಲಿಷ್ ನನ್ನಲ್ಲಿರಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಂದು ರಾತ್ರಿ ಗಲ್ಲಾ ಮುಚ್ಚಿ ಮನೆಗೆ ಬಂದಾಗ, ಆ ದಿನ ಮಗಳೊಡನೆ ಏನೇನು ಮಾತಾಡಿದೆ ಎಂದು ಲೆಕ್ಕ ಹಾಕಿದೆ: ಕಮ್, ಸಿಟ್, ಈಟ್, ನೋ, ವಾಶ್ ಹ್ಯಾಂಡ್, ಸ್ಲೀಪ್. ಸಪ್ಲಾಯರ್ ಹುಡುಗರೊಡನೆ ಕೂಡ ನಾನು ಅದಕ್ಕಿಂತ ಹೆಚ್ಚು ಮಾತಾಡುತ್ತೇನೆ.

ಮರುದಿನದಿಂದ ತುಳುವಿಗೆ ಮರಳಿದೆವು. ಪವಾಡವೇನೂ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಅವಳಿಗೆ ಇಂದಿಗೂ ಎರಡು ಮೂರು ಪದಗಳ ವಾಕ್ಯವೇ ಹೆಚ್ಚು. ಆದರೆ ರಾತ್ರಿ ನಾನು ಬಾಗಿಲು ತೆರೆದಾಗ ಅವಳು ಹೇಳುವ ಎರಡು ಪದ ತುಳುವಿನವು, ನನಗೆಂದೇ ಹೇಳಿದವು.

ಪುಣೆಯ ವಾಕ್ ಚಿಕಿತ್ಸಕಿ

ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಪುಣೆಯಲ್ಲಿ ಮಕ್ಕಳಿಗೆ ಸ್ಪೀಚ್ ಥೆರಪಿ ಮಾಡುತ್ತಿದ್ದೇನೆ. ಮಗುವನ್ನು ನೋಡದೆ ಆ ಮಗುವಿನ ಬಗ್ಗೆ ಹೇಳುವುದು ಸರಿಯಲ್ಲವಾದ್ದರಿಂದ ಸಾಮಾನ್ಯವಾದ ಕೆಲವು ಮಾತುಗಳನ್ನಷ್ಟೇ ಬರೆಯುತ್ತೇನೆ.

ಹೆಚ್ಚು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿಗೆ ಗೊಂದಲವಾಗುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಬಹುಕಾಲ ನಡೆದುಬಂದ ಊಹೆ. ಕಳೆದ ಒಂದೆರಡು ದಶಕಗಳಲ್ಲಿ ಕೆನಡಾ, ಅಮೆರಿಕ, ಬ್ರಿಟನ್ ಮೊದಲಾದ ಕಡೆ ಇದನ್ನು ಪರೀಕ್ಷಿಸಿ ನೋಡಿದವರು, ಎರಡು ಭಾಷೆಗಳ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳ ಮಾತು ಒಂದೇ ಭಾಷೆಯ ಮನೆಯ ಮಕ್ಕಳಿಗಿಂತ ಆ ಕಾರಣದಿಂದ ಹಿಂದುಳಿದದ್ದನ್ನು ಕಾಣಲಿಲ್ಲ. ಆ ಅಧ್ಯಯನಗಳಲ್ಲಿ ಹಲವು ಚಿಕ್ಕವು, ಮಕ್ಕಳ ಸಂಖ್ಯೆ ಕಡಿಮೆ. ಆದರೂ ಹೆಚ್ಚುಕಡಿಮೆ ಎಲ್ಲವೂ ಬೊಟ್ಟು ಮಾಡುವ ದಿಕ್ಕು ಒಂದೇ. ಇನ್ನೊಂದು ಕಡೆ, ತಂದೆತಾಯಿ ತಮಗೆ ಸಲೀಸಲ್ಲದ ಭಾಷೆಗೆ ಬದಲಾದಾಗ ಏನಾಗುತ್ತದೆಂಬುದನ್ನು ಘಾಟ್‌ಕೋಪರಿನವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ಮಗುವಿಗೆ ಬೇಕಾದದ್ದು ಭಾಷೆಯ ಹೆಸರಲ್ಲ, ಹಿಂದೆ ಮುಂದೆ ಹರಿಯುವ ಮಾತುಕತೆ. ಅದು ಬರಿಯ ಆಜ್ಞೆಗಳಿಂದ ಆಗುವುದಿಲ್ಲ.

ತಾಯಿಯವರು ಬರೆದ "ನಿನಗ ನೀರು ಬೇಕೇನು" ಎಂಬುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇರುವ ಹನ್ನೊಂದು ಮಕ್ಕಳ ಬಗ್ಗೆ ಬರೆದ ತಮ್ಮ ಮೊದಲ ಲೇಖನದಲ್ಲಿಯೇ, ಈ ಮಕ್ಕಳು ಸರ್ವನಾಮಗಳನ್ನು ಕೇಳಿದಂತೆಯೇ ಮರಳಿಸುತ್ತಾರೆ, ತಮ್ಮನ್ನೇ "ನೀನು" ಎಂದುಕೊಳ್ಳುತ್ತಾರೆ ಎಂಬ ಮಾತು ಇದೆ. ಆಮೇಲೆ ಬಹಳ ವರ್ಷ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ಬಗೆದು ನಿಲ್ಲಿಸಲು ಯತ್ನಿಸುತ್ತಿದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ವಾಕ್ ತಜ್ಞ ಬ್ಯಾರಿ ಪ್ರಿಜಾಂಟ್ ಮೊದಲಾದವರು, ಮಗು ಯಾವ ಸಂದರ್ಭದಲ್ಲಿ ಯಾವ ಮಾತನ್ನು ಮರಳಿಸುತ್ತದೆ ಎಂದು ಕೂತು ನೋಡಿದಾಗ, ಅದರಲ್ಲಿ ಬೇಡಿಕೆಯೂ ಉತ್ತರವೂ ಪ್ರತಿಭಟನೆಯೂ ಇರುವುದು ಕಂಡಿತು. ನಿಮ್ಮ ಮಗನ "ಪುಢೀಲ್ ಸ್ಟೇಶನ್" ಅಂಥದ್ದು. ಅವನು ಒಂದು ಇಡಿಯ ವಾಕ್ಯವನ್ನು ಅದರ ಸಂದರ್ಭದೊಡನೆ ಎತ್ತಿಟ್ಟುಕೊಂಡು, ಸರಿಯಾದ ಜಾಗದಲ್ಲಿ ಬಳಸಿದ್ದಾನೆ.

ಇಲ್ಲಿ ಕನ್ನಡದಿಂದ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯವಾಗಿ ನೀರು ಕೇಳಲು "ನಾನು" ಎಂಬುದಕ್ಕೆ ಒಂದು ಪದ ಬೇಕೇ ಬೇಕು, ಈ ಮಕ್ಕಳು ಎಡವುವುದು ಅಲ್ಲಿಯೇ. ಕನ್ನಡದಲ್ಲಿ "ನೀರು ಬೇಕು" ಎಂದರೆ ಮುಗಿಯಿತು. ಯಾರಿಗೆಂದು ಹೇಳಬೇಕಾಗಿಲ್ಲ, ಕ್ರಿಯಾಪದವೂ ಬದಲಾಗುವುದಿಲ್ಲ. ಆದ್ದರಿಂದ ಮಗನ ಮುಂದೆ "ನಿನಗ ಬೇಕೇನು" ಎಂದು ಪ್ರಶ್ನೆ ಕೇಳುವುದನ್ನು ಕೆಲವು ದಿನ ಕಡಿಮೆ ಮಾಡಿ, ಲೋಟ ಕೈಯಲ್ಲಿ ಹಿಡಿದು "ನೀರು ಬೇಕು" ಎಂದು ಅವನು ಹೇಳಬೇಕಾದ ಮಾತನ್ನೇ ನೀವು ಹೇಳಿ, ಸ್ವಲ್ಪ ಕಾಯಿರಿ. ಅವನು ಕೇಳಿದ್ದನ್ನೇ ಹೇಳುವವನಾದರೆ, ಸರಿಯಾದದ್ದನ್ನು ಕೇಳಿಸುವ ಕೆಲಸ ನಮ್ಮದು.

ಕೊನೆಗೊಂದು ಪ್ರಶ್ನೆ: ಕಿವಿಯ ಪರೀಕ್ಷೆ ಆಗಿದೆಯೇ? ಮಾತಿನ ಬಗ್ಗೆ ಏನೇ ತೀರ್ಮಾನಿಸುವ ಮೊದಲು ಅದು ಆಗಬೇಕು. ಮುಂಬಯಿಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. 1983ರಿಂದಲೂ ಇದೇ ಕೆಲಸಕ್ಕಾಗಿ ಇರುವ ಸರಕಾರಿ ಸಂಸ್ಥೆ.

ನೆರೂಳಿನ ಅಪ್ಪ

ಇಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ವಾಲುತ್ತಿರುವುದರಿಂದ ಇನ್ನೊಂದು ಬದಿಯನ್ನು ಹೇಳುತ್ತೇನೆ. ನಾವು ಬೆಳಗಾವಿಯವರು. ಮಗನಿಗೆ ನಾಲ್ಕು ವರ್ಷವಿದ್ದಾಗ ಮನೆಯಲ್ಲಿ ಕನ್ನಡ ನಿಲ್ಲಿಸಿ ಮರಾಠಿಗೆ ಹೋದೆವು. ಈಗ ಅವನಿಗೆ ಹದಿನಾಲ್ಕು. ಆ ತೀರ್ಮಾನಕ್ಕಾಗಿ ಪಶ್ಚಾತ್ತಾಪ ಪಟ್ಟಿಲ್ಲ.

ಕಾರಣ ಸರಳವಾದದ್ದು. ಅವನ ಥೆರಪಿಸ್ಟ್ ಮರಾಠಿ, ರಿಕ್ಷಾದವರು ಮರಾಠಿ ಇಲ್ಲವೇ ಹಿಂದಿ, ಸೊಸೈಟಿಯ ವಾಚ್‌ಮನ್, ಅಂಗಡಿಯವರು, ದಾರಿ ತಪ್ಪಿದರೆ ಕೈಹಿಡಿದು ನಿಲ್ಲಿಸುವ ಪೊಲೀಸರು, ಯಾರಿಗೂ ಕನ್ನಡ ಬಾರದು. 2020ರ ಕಾಯ್ದೆಯ ನಂತರ ರಾಜ್ಯದ ಶಾಲೆಗಳಲ್ಲಿ ಮರಾಠಿ ಕಡ್ಡಾಯವೂ ಆಗಿದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು ಎಂದು ಅಭಿಮಾನದಿಂದ ಹೇಳುವವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದನ್ನು ನಾನು ಕಂಡಿಲ್ಲ. ಸಾಮಾನ್ಯ ಮಗು ನಾಳೆ ತಾನೇ ನಾಲ್ಕು ಭಾಷೆ ಕಲಿಯುತ್ತದೆ. ನನ್ನ ಮಗನ ವಿಷಯದಲ್ಲಿ ಆ ಭರವಸೆ ನನಗಿರಲಿಲ್ಲ. ನಾವಿಬ್ಬರೂ ಹೋದ ಮೇಲೆ ಅವನೊಡನೆ ಕನ್ನಡದಲ್ಲಿ ಮಾತಾಡುವವರು ಯಾರು? ಅಜ್ಜಿಯ ಸಂತೋಷಕ್ಕಿಂತ ನನಗೆ ಈ ಪ್ರಶ್ನೆ ದೊಡ್ಡದಾಗಿ ಕಂಡಿತು.

ತೊಡಕುಗಳಿಲ್ಲವೆಂದು ಹೇಳುತ್ತಿಲ್ಲ. ಅವನು ಮಾತು ಕಲಿತದ್ದು ಹೆಚ್ಚಾಗಿ ತಾಯಿಯ ಬಾಯಿಂದ; ಮರಾಠಿಯಲ್ಲಿ "ನಾನು ಹೋಗುತ್ತೇನೆ" ಎಂಬುದಕ್ಕೆ ಹೆಂಗಸು "ಮೀ ಜಾತೇ" ಎಂದರೆ ಗಂಡಸು "ಮೀ ಜಾತೋ" ಎನ್ನಬೇಕು. ಅವನು ಇಂದಿಗೂ ಅವಸರದಲ್ಲಿ "ಮೀ ಜಾತೇ" ಎಂದುಬಿಡುತ್ತಾನೆ, ಹುಡುಗರು ಚುಡಾಯಿಸುತ್ತಾರೆ. ಕನ್ನಡದ "ಹೋಗ್ತೀನಿ"ಯಲ್ಲಿ ಈ ಪೇಚು ಇರುತ್ತಿರಲಿಲ್ಲ ಎಂದು ನನಗೂ ಅನಿಸಿದ್ದುಂಟು.

ಪುಣೆಯ ವಾಕ್ ಚಿಕಿತ್ಸಕಿ

ನೆರೂಳಿನವರೆ, ನಿಮ್ಮ ತೀರ್ಮಾನವನ್ನು ನಾನು ತಪ್ಪೆನ್ನುವುದಿಲ್ಲ. ಬೆಳಗಾವಿಯವರಾದ ನಿಮಗೆ ಮರಾಠಿಯಲ್ಲಿ ಜಗಳವಾಡಲೂ ಲಾಲಿ ಹಾಡಲೂ ಬರುತ್ತದೆ. ನಿಮ್ಮ ಮನೆಯಲ್ಲಿ ಭಾಷೆ ಬದಲಾಯಿತೇ ಹೊರತು ಮಾತು ನಿಲ್ಲಲಿಲ್ಲ. ಡೊಂಬಿವಲಿಯ ಮನೆಯಲ್ಲಿ ಆಗಿರುವುದು ಬೇರೆ. ಅಲ್ಲಿ ಒಬ್ಬ ಮಾತಾಡುವ ವ್ಯಕ್ತಿಯೇ ಮಗುವಿನ ದಿನದಿಂದ ಹೊರಗುಳಿದಿದ್ದಾರೆ. ಥೆರಪಿ ವಾರಕ್ಕೆ ಎರಡೋ ಮೂರೋ ಗಂಟೆ. ಅಜ್ಜಿ ಮನೆಯಲ್ಲಿರುವುದು ದಿನವಿಡೀ.

ಕೊಥರೂಡಿನ ನಿವೃತ್ತರು

ನನ್ನ ಮಗಳಿಗೆ ಇಪ್ಪತ್ಮೂರು. ಆದ್ದರಿಂದ ನೆರೂಳಿನವರ "ನಾವು ಹೋದ ಮೇಲೆ" ಎಂಬ ಪ್ರಶ್ನೆಗೆ ಉತ್ತರಿಸುವ ಅರ್ಹತೆ ನನಗೆ ಸ್ವಲ್ಪ ಇದೆಯೆಂದುಕೊಂಡಿದ್ದೇನೆ, ಉತ್ತರ ಪೂರ್ತಿ ಇಲ್ಲದಿದ್ದರೂ.

ಅವಳು ಚಿಕ್ಕವಳಿದ್ದಾಗ ಅಂಗವಿಕಲರ 1995ರ ಕಾಯ್ದೆ ಜಾರಿಯಲ್ಲಿತ್ತು. ಅದರಲ್ಲಿ ಹೆಸರಿಸಿದ್ದ ಏಳು ಅಂಗವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲವಾದ್ದರಿಂದ ಪ್ರಮಾಣಪತ್ರದಲ್ಲಿ ಬುದ್ಧಿಮಾಂದ್ಯ ಎಂದೇ ಬರೆದುಕೊಟ್ಟರು. 2016ರ ಕಾಯ್ದೆ ಬಂದು, ಪಟ್ಟಿ ಇಪ್ಪತ್ತೊಂದಕ್ಕೆ ಏರಿ, ಆಟಿಸಂ ತನ್ನ ಹೆಸರಿನಲ್ಲಿಯೇ ಸೇರಿದ ಮೇಲೆ ಮತ್ತೆ ತಪಾಸಣೆಗೆ ಕರೆದುಕೊಂಡು ಹೋದೆವು. ಈ ತಪಾಸಣೆಗೆ ಬಳಸುವುದು ಇಸಾ ಎಂಬ ಭಾರತೀಯ ಅಳತೆಗೋಲು. ನಲವತ್ತು ಅಂಶಗಳು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ, ಅಂಕ ಹೆಚ್ಚಾದಷ್ಟೂ ತೀವ್ರತೆ ಹೆಚ್ಚು. ಮಾತು ಮತ್ತು ಸಂವಹನಕ್ಕೆ ಅದರಲ್ಲಿ ಒಂದು ಭಾಗವೇ ಇದೆ.

ಅಂದು ಕೋಣೆಯಲ್ಲಿ ಕೂತಿದ್ದವರು ಮಗಳನ್ನು ಹಿಂದಿಯಲ್ಲಿ ಕೇಳಿದರು: ಹೆಸರೇನು, ಮನೆಯಲ್ಲಿ ಯಾರಿದ್ದಾರೆ, ಬೆಳಗ್ಗೆ ಏನು ತಿಂದೆ. ಮಗಳು ಫ್ಯಾನು ನೋಡುತ್ತಾ ಕೂತಿದ್ದಳು. ಅವರು ಬರೆದುಕೊಳ್ಳತೊಡಗಿದಾಗ ನಾನು ಅನುಮತಿ ಕೇಳಿ, ಅದೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದೆ. "ಉಪ್ಪಿಟ್ಟು. ಮೆಣಸಿನಕಾಯಿ ತೆಗೆದು" ಎಂದಳು. ಅವರು ಪೆನ್ನು ಕೆಳಗಿಟ್ಟರು. ಇಂಥ ತಪಾಸಣೆಗೆ ಹೋಗುವವರು ಮಗು ಯಾವ ಭಾಷೆಯಲ್ಲಿ ಉತ್ತರಿಸುತ್ತದೆ ಎಂಬುದನ್ನು ಮೊದಲೇ ಹೇಳಿ, ಸಾಧ್ಯವಾದರೆ ಮನೆಯಲ್ಲಿ ಮಾತಾಡಿದ ಒಂದೆರಡು ವಿಡಿಯೋ ಮೊಬೈಲಿನಲ್ಲಿ ಇಟ್ಟುಕೊಂಡಿರಬೇಕು. ನೆರವಿನ ಯೋಜನೆಗಳಿಗೆ ನಲವತ್ತು ಶೇಕಡ ಅಂಗವೈಕಲ್ಯ ಎಂಬ ಗೆರೆ ಇರುವುದರಿಂದ ಅಂಕ ಹೆಚ್ಚಿದ್ದರೇ ಒಳ್ಳೆಯದಲ್ಲವೇ ಎಂದು ನನ್ನ ಗೆಳೆಯರೊಬ್ಬರು ಕೇಳಿದ್ದರು. ಗೆರೆ ದಾಟಲು ಮಗಳನ್ನು ಮೂಕಿಯೆಂದು ಬರೆಸುವುದು ನನ್ನಿಂದಾಗುತ್ತಿರಲಿಲ್ಲ. ಗೆರೆಯನ್ನು ಅವಳು ಹಾಗೆಯೂ ದಾಟಿದಳು.

ನಾವು ಹೋದ ಮೇಲಿನ ಮಾತಿಗೆ ಬಂದರೆ, ಹದಿನೆಂಟು ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿ ತಾನೇತಾನಾಗಿ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು; ಸಮಿತಿಯಲ್ಲಿ ಜಿಲ್ಲಾಧಿಕಾರಿಗಳಿರುತ್ತಾರೆ. ನಾವು ಅರ್ಜಿ ಹಾಕುವಾಗ ನಮ್ಮ ನಂತರ ಯಾರು ಎಂದು ಮನೆಯಲ್ಲಿ ಕೂತು ಮಾತಾಡಬೇಕಾಯಿತು. ಮುಂದೆ ಬಂದವಳು ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗಳು. ಅವಳು ಒಪ್ಪಿದ್ದಕ್ಕೆ ಒಂದು ಕಾರಣ, ಚಿಕ್ಕಂದಿನಿಂದ ರಜೆಯಲ್ಲಿ ಇಬ್ಬರೂ ಕನ್ನಡದಲ್ಲಿ ಆಡಿ ಬೆಳೆದದ್ದು. ಹೊರಗಿನ ಜಗತ್ತು ಮರಾಠಿ ಹೌದು. ಆದರೆ ಕಷ್ಟದ ದಿನ ಬಾಗಿಲು ತೆರೆಯುವವರು ಹೆಚ್ಚಾಗಿ ನಂಟರೇ, ಅವರ ಭಾಷೆ ಯಾವುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಾಸ್ಕೋದ ಶಾಲಾ ಶಿಕ್ಷಕಿ

ಗೋವಾದಿಂದ ಒಂದು ಸಣ್ಣ ಅನುಭವ. ನಮ್ಮ ಶಾಲೆಗೆ ಬರುವವರು ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗದ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಎರಡು ವರ್ಷಗಳ ಹಿಂದೆ ಆರು ವರ್ಷದ ಒಬ್ಬ ಹುಡುಗ ಬಂದ. ಬಾಯಲ್ಲಿ ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರೆ ನಿಂತೇ ಇರುತ್ತಾನೆ. ಅಂಕಿ ನೋಡುತ್ತಿದ್ದಾನೆಂದುಕೊಂಡಿದ್ದೆ. ಒಂದು ದಿನ ಸುಮ್ಮನೆ "ಅಮಾವಾಸ್ಯೆ ಎಲ್ಲಿದೆ?" ಎಂದೆ. ಬೆರಳಿಟ್ಟ. "ಏಕಾದಶಿ?" ಬೆರಳಿಟ್ಟ. ಯಾರೂ ಕಲಿಸದೆ ಅವನು ಓದುತ್ತಿದ್ದ. ಅಂದಿನಿಂದ ಸ್ಲೇಟಿನಲ್ಲಿ "ಊಟ", "ಮನೆ", "ಬೇಡ" ಎಂದು ಬರೆದು ಮುಂದಿಟ್ಟರೆ ಬೇಕಾದ್ದನ್ನು ಮುಟ್ಟುತ್ತಾನೆ.

ಅವನ ತಾಯಿ ಮನೆಗೆಲಸ ಬಿಟ್ಟು ಕದಂಬ ಬಸ್ಸಿನಲ್ಲಿ ಅವನನ್ನು ಬಾಂಬೋಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಅಲ್ಲಿ ಕೊಂಕಣಿ, ಹಿಂದಿ. ಆಕೆಗೆ ಎರಡೂ ಅಷ್ಟಕ್ಕಷ್ಟೆ. ಅಲ್ಲಿ ಹೇಳಿಕೊಟ್ಟ ಅಭ್ಯಾಸಗಳನ್ನು ಆಕೆ ನನ್ನ ಬಳಿ ಬಂದು ಮತ್ತೆ ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಾಳೆ. ಭಾಷೆಯ ತೊಡಕು ಮಗುವಿಗಷ್ಟೇ ಇರುವುದೆಂದು ನಾವೆಲ್ಲ ಮಾತಾಡುತ್ತಿದ್ದೇವೆ. ತಾಯಿಗೆ ಅರ್ಥವಾಗದ ಥೆರಪಿ ಮನೆಯವರೆಗೆ ಬರುವುದಾದರೂ ಹೇಗೆ?

ಡೊಂಬಿವಲಿಯ ತಾಯಿ

ಎಲ್ಲರಿಗೂ ಋಣಿ. ಕಿವಿಯ ಪರೀಕ್ಷೆ ಮೂರನೆಯ ವರ್ಷದಲ್ಲಿಯೇ ಆಗಿದೆ, ದೋಷವಿಲ್ಲ. ಯಜಮಾನರಿಗೆ ನೆರೂಳಿನವರ ಮಾತು ಹಿಡಿಸಿದೆ. ಬದಲಾಯಿಸುವುದಾದರೆ ಮರಾಠಿಗೆ ಬದಲಾಯಿಸೋಣ ಎನ್ನುತ್ತಿದ್ದಾರೆ. ಆದರೆ ನಮ್ಮಿಬ್ಬರ ಮರಾಠಿ ತರಕಾರಿ ಮಾರುಕಟ್ಟೆಯ ಆಚೆಗೆ ಹೋಗಿಲ್ಲ. ಶಾಲೆಯಲ್ಲಿ ಮುಂದೆ ಎರಡು ಮೂರು ಭಾಷೆಗಳ ಭಾರ ಹೇಗೆ ಹೊರುತ್ತಾನೆ ಎಂಬ ಚಿಂತೆಯೂ ಇದೆ.

ಕೊಥರೂಡಿನ ನಿವೃತ್ತರು

ತಂಗೀ, ಶಾಲೆಯ ಭಾರವನ್ನೂ ಮನೆಯ ಮಾತನ್ನೂ ಬೆರೆಸಬೇಡಿ. ವಿಶೇಷ ಅಗತ್ಯದ ಮಕ್ಕಳಿಗೆ ಸಿಬಿಎಸ್‌ಇ ಎರಡರ ಬದಲು ಒಂದೇ ಭಾಷೆಯನ್ನು ಓದಲು ಬಿಡುತ್ತದೆ, ತೃತೀಯ ಭಾಷೆಯಿಂದ ವಿನಾಯಿತಿ ಕೊಡುತ್ತದೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೂ ಸಿಗುತ್ತದೆ. ಅದು ಪರೀಕ್ಷೆಯ ಭಾಷೆಗಳ ಲೆಕ್ಕ. ಅಜ್ಜಿಯ "ಬಾರೋ"ಗೆ ಯಾರೂ ಅಂಕ ಕೊಡುವುದಿಲ್ಲ, ಕಳೆಯುವುದೂ ಇಲ್ಲ.

ಡೊಂಬಿವಲಿಯ ತಾಯಿ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಡಾಕ್ಟರರ ಬಳಿ ಹೋಗಿ ಮನೆಯಲ್ಲಿ ಕನ್ನಡಕ್ಕೆ ಮರಳುತ್ತಿರುವುದಾಗಿ ಹೇಳಿದೆವು. ಅವರಿಗೆ ಅದು ಅಷ್ಟಾಗಿ ರುಚಿಸಲಿಲ್ಲ, ಆದರೆ ಬೇಡವೆನ್ನಲಿಲ್ಲ. ಅತ್ತೆಯವರಿಗೆ ಮಾತ್ರ ನಂಬಿಕೆ ಬರಲು ಮೂರು ವಾರ ಬೇಕಾಯಿತು, "ಖರೇನ ಮಾತಾಡಬಹುದೇನವಾ?" ಎಂದು ಪ್ರತಿದಿನ ಬೆಳಗ್ಗೆ ಕೇಳುತ್ತಿದ್ದರು. ನಾವು ಮನೆಯ ತಂಬಿಗೆ, ಚಾಪೆ, ಅವನ ನೀಲಿ ಚಪ್ಪಲಿ, ಬಾಲ್ಕನಿಯ ಬಾಗಿಲು ಇವುಗಳ ಫೋಟೋ ತೆಗೆಸಿ, ಹಿಂದೆ ರಟ್ಟು ಅಂಟಿಸಿ, ಕೆಳಗೆ ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೇವೆ. "ನೀರು ಬೇಕು" ಎರಡನೆಯ ತಿಂಗಳಲ್ಲಿ ಬಂದಿತು, ಒಮ್ಮೊಮ್ಮೆ ಈಗಲೂ "ಬೇಕೇನು" ಆಗುತ್ತದೆ. ಶಾಲೆಯವರು ಶ್ಯಾಡೋ ಟೀಚರ್, ಎಂದರೆ ತರಗತಿಯಲ್ಲಿ ಅವನ ಜೊತೆಗೇ ಕೂತು ನೆರವಾಗುವವರು, ಇಲ್ಲದೆ ಒಂದನೆಯ ತರಗತಿಗೆ ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದ್ದಾರೆ, ಅದು ಇನ್ನೂ ಇತ್ಯರ್ಥವಾಗಿಲ್ಲ.

ಅತ್ತೆಯವರು ಊಟಕ್ಕೆ ಬಡಿಸುವಾಗ ಪ್ರತಿ ಸಲವೂ ಸೌಟು ಹಿಡಿದು "ಸಾಕೇನು? ಸಾಕು?" ಎಂದು ಕೇಳುವ ರೂಢಿ. ಮೊದಲೆಲ್ಲ ಮಗ ತಟ್ಟೆಯನ್ನು ತಳ್ಳಿ ಬೀಳಿಸುತ್ತಿದ್ದ. ಕಳೆದ ಮಂಗಳವಾರ ಥೆರಪಿಯಲ್ಲಿ ಮಣಿ ಪೋಣಿಸುವ ಕೆಲಸ ಬಹಳ ಹೊತ್ತು ನಡೆಯಿತು. ಅವನು ಪೆಟ್ಟಿಗೆಯನ್ನು ಎಸೆಯಬಹುದೆಂದು ನಾನು ಕೈ ಮುಂದೆ ಮಾಡಿ ಕೂತಿದ್ದೆ. ಅವನು ಪೆಟ್ಟಿಗೆಯ ಮುಚ್ಚಳ ಹಾಕಿ, ಅಜ್ಜಿಯ ಧಾಟಿಯಲ್ಲಿಯೇ, "ಸಾಕು" ಎಂದ. ಮರಾಠಿಯವರಾದ ಆ ಥೆರಪಿಸ್ಟ್ ಅದರ ಅರ್ಥವೇನೆಂದು ನನ್ನನ್ನು ಕೇಳಿ, ತಮ್ಮ ನೋಟ್‌ಬುಕ್ಕಿನಲ್ಲಿ ಆ ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡು, ಮಣಿಗಳನ್ನು ಎತ್ತಿಟ್ಟರು.